ಕಾಫಿ ಬೆಲೆ ಯಾರು ಕಟ್ಟಬೇಕು? ಮಲೆನಾಡಿನ ತೋಟದಿಂದ ಸರ್ಕಾರ ಹೊರನಡೆದ ಕಥೆ

2025ರ ಬೇಸಿಗೆ ಹೊತ್ತಿಗೆ ಬೆಂಗಳೂರಿನ ದರ್ಶಿನಿಗಳಲ್ಲಿ ಕಾಫಿ ಬೆಲೆ ಏರಿತು. ಪುಡಿ ಅಂಗಡಿಗಳಲ್ಲಿ ಕೆಜಿಗೆ ಸಾವಿರ ರೂಪಾಯಿಯ ಆಸುಪಾಸಿಗೆ ಬಂತು. ಜನ ಗೊಣಗಿದರು, ಕುಡಿದರು, ಹೊರಟರು. "ಸರ್ಕಾರ ಏನು ಮಾಡ್ತಿದೆ?" ಎಂದು ಯಾರೂ ಬೀದಿಗೆ ಇಳಿಯಲಿಲ್ಲ.

ಅದೇ ಏಪ್ರಿಲ್‌ನಲ್ಲಿ ನಂದಿನಿ ಹಾಲಿನ ದರ ಲೀಟರಿಗೆ 4 ರೂಪಾಯಿ ಏರಿದಾಗ ಹಾಗಾಗಲಿಲ್ಲ. ಸರ್ಕಾರವೇ ಮುಂದೆ ಬಂದು ಉತ್ತರ ಹೇಳಬೇಕಾಯಿತು. ಈರುಳ್ಳಿಯದು ಇನ್ನೂ ಜೋರು. 2023ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಈರುಳ್ಳಿ ರಫ್ತಿಗೆ ಶೇ 40 ಸುಂಕ ಹಾಕಿತು, ಡಿಸೆಂಬರ್‌ನಲ್ಲಿ ರಫ್ತನ್ನೇ ನಿಲ್ಲಿಸಿಬಿಟ್ಟಿತು. ಮಾರನೇ ವರ್ಷ ಮೇ ತಿಂಗಳವರೆಗೆ ಈರುಳ್ಳಿ ಬೆಳೆದವರಿಗೆ ಹೊರಗಿನ ಬಾಗಿಲು ಮುಚ್ಚಿಯೇ ಇತ್ತು. ಬೆಲೆ ಏರಿದಾಗ ಬೆಳೆಗಾರನಿಗೆ ಸಿಗಬೇಕಾದ ನಾಲ್ಕು ಕಾಸು ಪಟ್ಟಣದ ಅಡುಗೆಮನೆಗೆ ಹೋಯಿತು.

ಕಾಫಿ ಬೆಳೆಗಾರನಿಗೆ ಆ ಗತಿ ಬರಲಿಲ್ಲ. 2024ರ ಏಪ್ರಿಲ್ ಹೊತ್ತಿಗೆ ರೊಬಸ್ಟಾ ಜಾತಿಯ ಕಾಫಿ ಹಣ್ಣನ್ನು ಸಿಪ್ಪೆ ಸಮೇತ ಒಣಗಿಸಿದ್ದು, ಅಂದರೆ ರೊಬಸ್ಟಾ ಚೆರಿ, 50 ಕೆಜಿಯ ಚೀಲಕ್ಕೆ 10,000 ರೂಪಾಯಿ ದಾಟಿತು. ಕೊಡಗಿನ ಹಿರಿಯ ಬೆಳೆಗಾರರೂ ಅಂಥ ದರ ಕಂಡವರಲ್ಲ. 2024-25ರಲ್ಲಿ ದೇಶದ ಕಾಫಿ ರಫ್ತು 180 ಕೋಟಿ ಡಾಲರ್ ಮುಟ್ಟಿತು. ಸರ್ಕಾರ ಕೈ ಅಡ್ಡ ಇಡಲಿಲ್ಲ.

ಇದನ್ನು ನೋಡಿ "ಮುಕ್ತ ಮಾರುಕಟ್ಟೆ ಅಂದ್ರೆ ಹೀಗಿರಬೇಕು, ಸರ್ಕಾರ ದೂರ ಇದ್ದರೆ ರೈತ ಉದ್ಧಾರ ಆಗ್ತಾನೆ" ಎಂದು ಹೇಳುವವರು ಸುಮಾರು ಜನ ಇದ್ದಾರೆ. ಮಾತು ಪೂರ್ತಿ ಸುಳ್ಳಲ್ಲ. ಆದರೆ ಅರ್ಧ ಕಥೆ. ಇದೇ ಕಾಫಿಯನ್ನು ಐವತ್ತು ವರ್ಷ ಸರ್ಕಾರವೇ ಕೊಂಡು ಸರ್ಕಾರವೇ ಮಾರುತ್ತಿತ್ತು. ಆಮೇಲೆ ನಾಲ್ಕೇ ವರ್ಷದಲ್ಲಿ ಆ ಕೆಲಸದಿಂದ ಹೊರಗೆ ಬಂತು. ಒಂದೇ ಬೆಳೆ, ಅದೇ ಜಿಲ್ಲೆಗಳು, ಎಷ್ಟೋ ಕಡೆ ಅದೇ ಮನೆತನಗಳು ಎರಡೂ ವ್ಯವಸ್ಥೆ ಉಂಡು ನೋಡಿವೆ. ಸರ್ಕಾರವೋ ಮಾರುಕಟ್ಟೆಯೋ ಎಂಬ ಜಗಳವನ್ನು ಪುಸ್ತಕದ ಮಟ್ಟದಿಂದ ಕೆಳಗಿಳಿಸಿ ನೋಡಬೇಕಿದ್ದರೆ ಚಿಕ್ಕಮಗಳೂರು, ಕೊಡಗು, ಹಾಸನಕ್ಕಿಂತ ಒಳ್ಳೆಯ ಜಾಗ ನನಗಂತೂ ಗೊತ್ತಿಲ್ಲ.

ಬೆಳೆದವನದ್ದಲ್ಲದ ಬೆಳೆ

ಸರ್ಕಾರ ಕಾಫಿಗೆ ಕೈ ಹಾಕಿದ್ದು ಯಾವುದೋ ಸಿದ್ಧಾಂತದ ಮೋಹದಿಂದಲ್ಲ. ಎರಡನೇ ಮಹಾಯುದ್ಧ ಶುರುವಾಗಿ ಯುರೋಪಿನ ಬಂದರುಗಳು ಮುಚ್ಚಿದವು. ಇಲ್ಲಿನ ಕಾಫಿ ಕೊಳ್ಳುವವರೇ ಇಲ್ಲವಾದರು. ತೋಟದ ಮಾಲೀಕರೇ ಸರ್ಕಾರದ ಬಾಗಿಲು ತಟ್ಟಿದರು. ಮೊದಲು ತಾತ್ಕಾಲಿಕ ಏರ್ಪಾಡು, ಆಮೇಲೆ 1942ರ ಕಾಫಿ ಕಾಯ್ದೆ. ಯುದ್ಧ ಮುಗಿಯಿತು, ಬ್ರಿಟಿಷರು ಹೋದರು, ಕಾಯ್ದೆ ಮಾತ್ರ ಉಳಿಯಿತು. ತಾತ್ಕಾಲಿಕ ಅಂತ ಬಂದ ಸರ್ಕಾರಿ ಏರ್ಪಾಡುಗಳ ಆಯಸ್ಸು ಸಾಮಾನ್ಯವಾಗಿ ಗಟ್ಟಿ.

ಏರ್ಪಾಡಿನ ಹೆಸರು ಪೂಲ್. ಮಲೆನಾಡಿನಲ್ಲಿ ಹಳಬರು ಈಗಲೂ "ಪೂಲಿನ ಕಾಲ" ಎಂದೇ ಹೇಳುತ್ತಾರೆ. ಬೆಳೆಗಾರ ಮನೆ ಖರ್ಚಿಗೆ, ಬಿತ್ತನೆಗೆ ಇಷ್ಟು ಎಂದು ಕೊಟ್ಟ ಮಿತಿಯಷ್ಟು ಇಟ್ಟುಕೊಂಡು ಉಳಿದ ಪೂರ್ತಿ ಕಾಫಿಯನ್ನು ಸರ್ಕಾರದ ಕಾಫಿ ಮಂಡಳಿ ಗೊತ್ತು ಮಾಡಿದ, ಸಿಪ್ಪೆ ತೆಗೆದು ಬೀಜ ಹದ ಮಾಡುವ ಕ್ಯೂರಿಂಗ್ ಕಾರ್ಖಾನೆಗೆ ಒಪ್ಪಿಸಬೇಕು. ಬೇರೆಯವರಿಗೆ ಮಾರಿದರೆ ಅಪರಾಧ. ಒಪ್ಪಿಸಿದ ಗಳಿಗೆಯಿಂದ ಆ ಕಾಫಿಯ ಮೇಲೆ ಅವನಿಗೆ ಹಕ್ಕಿಲ್ಲ. ಉಳಿಯುವುದು ಮಂಡಳಿ ಕೊಟ್ಟಾಗ ಹಣ ಪಡೆಯುವ ಹಕ್ಕು ಮಾತ್ರ.

ಹಣ ಬರುತ್ತಿದ್ದ ರೀತಿ ನೋಡಿ. ಕಾರ್ಖಾನೆಯಲ್ಲಿ ಬೀಜವನ್ನು ಗಾತ್ರ, ಗುಣ ನೋಡಿ ದರ್ಜೆ ಮಾಡುತ್ತಿದ್ದರು. ಪ್ಲಾಂಟೇಶನ್ ಎ, ಬಿ, ಸಿ, ಪೀಬೆರಿ, ಚೆರಿ ಹೀಗೆ. ಒಂದೊಂದು ದರ್ಜೆಗೆ ಇಷ್ಟಿಷ್ಟು ಪಾಯಿಂಟ್. ಮಂಡಳಿ ಎಲ್ಲರ ಕಾಫಿಯನ್ನೂ ಒಟ್ಟು ಹಾಕಿ ಬೆಂಗಳೂರಿನಲ್ಲಿ ಹರಾಜು ಮಾಡುತ್ತಿತ್ತು, ದೇಶದೊಳಗಿನದಕ್ಕೆ ಒಂದು ಹರಾಜು, ರಫ್ತಿಗೆ ಇನ್ನೊಂದು. ಬಂದ ಹಣದಲ್ಲಿ ತನ್ನ ಖರ್ಚು ಕಳೆದು ಪಾಯಿಂಟಿಗೆ ಇಷ್ಟು ಎಂದು ಹಂಚುತ್ತಿತ್ತು. ಮೊದಲ ಕಂತು ಕಾಫಿ ಒಪ್ಪಿಸಿದಾಗ. ಉಳಿದದ್ದು ಮಾರಾಟ ಆದ ಹಾಗೆ ಕಂತು ಕಂತಾಗಿ. ಕೊನೆಯ ಕಂತು ಕೈಗೆ ಬರುವ ಹೊತ್ತಿಗೆ ಮುಂದಿನ ಬೆಳೆ ಕಣದಲ್ಲಿ ಒಣಗುತ್ತಿರುತ್ತಿತ್ತು.

ಇದರಲ್ಲಿ ಒಂದು ಸುಖ ಇತ್ತು. ಎರಡು ಎಕರೆಯವನಿಗೂ ಇನ್ನೂರು ಎಕರೆಯವನಿಗೂ ಪಾಯಿಂಟಿನ ಬೆಲೆ ಒಂದೇ. ಕೊಳ್ಳುವವರು ಸಿಗುತ್ತಾರೋ ಇಲ್ಲವೋ ಎಂಬ ಚಿಂತೆ ಇಲ್ಲ. ತೂಕದಲ್ಲಿ ಮೋಸ ಮಾಡುವ ದಲ್ಲಾಳಿ ಇಲ್ಲ. ಆದರೆ ಬೆಲೆ ಅನ್ನುವುದು ಬೆಳೆಗಾರನ ಕಿವಿಗೆ ಬೀಳುತ್ತಲೇ ಇರಲಿಲ್ಲ. ಈ ವರ್ಷ ಯಾವ ಕಾಫಿಗೆ ಗಿರಾಕಿ ಜಾಸ್ತಿ, ಯಾರು ಒಳ್ಳೆ ಪರಿಮಳಕ್ಕೆ ಎರಡು ಕಾಸು ಹೆಚ್ಚು ಕೊಡುತ್ತಾರೆ, ಈಗ ಮಾರಬೇಕೋ ಕಾಯಬೇಕೋ, ಇದ್ಯಾವುದೂ ಅವನ ತಲೆನೋವಲ್ಲ. ತಲೆನೋವಲ್ಲ ಎಂದರೆ ಅವನ ಕೈಯಲ್ಲೂ ಇಲ್ಲ ಅಂತಲೇ ಅರ್ಥ. ಬೇರೆ ಬೇರೆ ತೋಟದ ಕಾಫಿ ಒಂದೇ ರಾಶಿಗೆ ಬೀಳುವಾಗ ತನ್ನ ತೋಟದ ರುಚಿಗೆ ಹೆಸರು ಮಾಡಬೇಕೆಂಬ ಹುಮ್ಮಸ್ಸು ಯಾಕೆ ಬರುತ್ತೆ?

ಈ ಏರ್ಪಾಡಿನ ವಿಚಿತ್ರವನ್ನು ಒಂದು ಮೊಕದ್ದಮೆ ಚೆನ್ನಾಗಿ ತೋರಿಸುತ್ತದೆ. ಕರ್ನಾಟಕ ಸರ್ಕಾರ ಕಾಫಿ ಮಂಡಳಿಗೆ ಖರೀದಿ ತೆರಿಗೆ ಕಟ್ಟು ಎಂದಿತು. ಮಂಡಳಿಯ ವಾದ ಏನಿತ್ತು ಗೊತ್ತಾ? ನಾವು ಕಾಫಿ ಕೊಳ್ಳುತ್ತಲೇ ಇಲ್ಲ, ಕಾನೂನಿನ ಬಲದಿಂದ ಕಡ್ಡಾಯವಾಗಿ ವಶಕ್ಕೆ ತಗೊಳ್ತಿದ್ದೇವೆ, ಕೊಡದೆ ಇರುವ ಸ್ವಾತಂತ್ರ್ಯ ಬೆಳೆಗಾರನಿಗೆ ಇಲ್ಲ, ಹಾಗಿರುವಾಗ ಇದು ವ್ಯಾಪಾರ ಹೇಗಾದೀತು ಎಂದು! 1988ರಲ್ಲಿ ಸುಪ್ರೀಂ ಕೋರ್ಟ್ ಆ ವಾದ ಒಪ್ಪಲಿಲ್ಲ. ಕಡ್ಡಾಯ ಇದ್ದರೂ ಬೆಲೆ ಕೊಡುತ್ತಿದ್ದೀರಿ, ಹಾಗಾಗಿ ಇದು ಮಾರಾಟವೇ, ತೆರಿಗೆ ಕಟ್ಟಿ ಎಂದಿತು. ರೈತರ ಹಿತಕ್ಕಾಗಿ ಹುಟ್ಟಿದ ಮಂಡಳಿಯೇ ಕೋರ್ಟಿನಲ್ಲಿ ನಿಂತು ಇದು ವಶಪಡಿಸಿಕೊಳ್ಳುವ ಕೆಲಸ ಎಂದು ಹೇಳಿಕೊಂಡಿತು. ಪೂಲ್ ಬಗ್ಗೆ ಅದರ ವಿರೋಧಿಗಳು ಕೂಡ ಇದಕ್ಕಿಂತ ಖಾರವಾಗಿ ಮಾತಾಡಿರಲಿಕ್ಕಿಲ್ಲ.

ಬಿಡುಗಡೆ ಮತ್ತು ಬಿದ್ದದ್ದು

ಪೂಲ್ ಕುಸಿಯಲು ಎರಡು ಹೊರಗಿನ ಕಾರಣ ಬಂದವು. 1960ರ ದಶಕದಿಂದ ಕಾಫಿ ಬೆಳೆಯುವ ದೇಶಗಳು ಮತ್ತು ಕುಡಿಯುವ ದೇಶಗಳು ಸೇರಿ ಒಂದು ಅಂತರರಾಷ್ಟ್ರೀಯ ಒಪ್ಪಂದ ಮಾಡಿಕೊಂಡಿದ್ದವು. ಯಾವ ದೇಶ ಎಷ್ಟು ರಫ್ತು ಮಾಡಬೇಕು ಎಂದು ಕೋಟಾ ಇತ್ತು. ಬೆಲೆ ತೀರಾ ಬೀಳದ ಹಾಗೆ ಅದು ತಡೆಯುತ್ತಿತ್ತು. 1989ರ ಜುಲೈನಲ್ಲಿ ಕೋಟಾ ಮುರಿದುಬಿತ್ತು, ಬೆಲೆ ನೆಲ ಕಚ್ಚಿತು. ಎರಡನೆಯದು, ರೂಪಾಯಿ ಲೆಕ್ಕದಲ್ಲಿ ನಮ್ಮ ಕಾಫಿ ಕೊಳ್ಳುತ್ತಿದ್ದ ದೊಡ್ಡ ಗಿರಾಕಿ ಸೋವಿಯತ್ ಒಕ್ಕೂಟ. 1991ರಲ್ಲಿ ಆ ದೇಶವೇ ಇಲ್ಲವಾಯಿತು.

ಆಮೇಲೆ ನಡೆದದ್ದು ಬೇಗ ಹೇಳಿ ಮುಗಿಸಬಹುದು. 1992ರಲ್ಲಿ ಬೆಳೆಯ ಶೇ 30 ಭಾಗವನ್ನು ದೇಶದೊಳಗೆ ಸ್ವಂತ ಮಾರಿಕೊಳ್ಳಲು ಬಿಟ್ಟರು. ಮುಂದೆ ಅದು ಬೆಳೆಯ ಅರ್ಧದಷ್ಟಕ್ಕೆ ಏರಿತು. 1996ರ ಸೆಪ್ಟೆಂಬರ್‌ಗೆ ಪೂರ್ತಿ ಬಿಡುಗಡೆ.

ಬಿಡುಗಡೆಯ ಮುಹೂರ್ತ ಮಾತ್ರ ಅದ್ಭುತವಾಗಿತ್ತು. 1994ರಲ್ಲಿ ಬ್ರೆಜಿಲ್‌ನ ತೋಟಗಳ ಮೇಲೆ ಮಂಜು ಸುರಿದು ಬೆಳೆ ಸುಟ್ಟುಹೋಯಿತು. ಪ್ರಪಂಚದ ಬೆಲೆ ದುಪ್ಪಟ್ಟಿಗಿಂತ ಮೇಲೆ ಹೋಯಿತು. 1997ರ ಮೇ ತಿಂಗಳಲ್ಲಿ ನ್ಯೂಯಾರ್ಕ್‌ನಲ್ಲಿ ಕಾಫಿಯ ಇನ್ನೊಂದು ಜಾತಿಯಾದ ಅರೇಬಿಕಾ ಪೌಂಡಿಗೆ 300 ಸೆಂಟ್ ದಾಟಿತು. ಮಲೆನಾಡಿನಲ್ಲಿ ಹೊಸ ಜೀಪು, ಹೊಸ ಮನೆ, ಹೊಸ ತೋಟ. ಬ್ಯಾಂಕಿನವರು ತಾವಾಗಿಯೇ ಬಂದು ಸಾಲ ಕೊಟ್ಟರು. ಇಷ್ಟು ವರ್ಷ ಸರ್ಕಾರ ನಮ್ಮ ಹೊಟ್ಟೆ ಮೇಲೆ ಹೊಡೆಯುತ್ತಿತ್ತು ಎಂದು ಜನ ನಂಬಿದರು. ನಂಬುವುದಕ್ಕೆ ಕಾರಣವೂ ಇತ್ತು.

2001ರ ಕೊನೆಗೆ ಅದೇ ಅರೇಬಿಕಾ ಪೌಂಡಿಗೆ 45 ಸೆಂಟ್ ಆಸುಪಾಸು. ಕೊಯ್ಲಿನ ಕೂಲಿ ಕೂಡ ಹುಟ್ಟದ ದರ. ತೋಟ ಬಿಟ್ಟು ಹೋದವರು, ಸಾಲಕ್ಕೆ ತೋಟ ಕಳೆದುಕೊಂಡವರು, ಜೀವ ಕಳೆದುಕೊಂಡವರು, ಎಲ್ಲ ಆ ಕೆಲವೇ ವರ್ಷಗಳಲ್ಲಿ. 2002ರಲ್ಲಿ ಹಳೆಯ ಸಾಲಗಳನ್ನೆಲ್ಲ ಸೇರಿಸಿ ದೀರ್ಘಾವಧಿ ವಿಶೇಷ ಸಾಲ ಮಾಡಿದರು. 2010ರಲ್ಲಿ ಸಣ್ಣ ಬೆಳೆಗಾರರಿಗೆ ಇನ್ನೊಂದು ಸಾಲ ಪರಿಹಾರ ಯೋಜನೆ. ಕೊಳ್ಳುವ ಕೆಲಸದಿಂದ ಹೊರಟುಹೋಗಿದ್ದ ಸರ್ಕಾರ ಸಾಲ ತೀರಿಸುವ ಬಾಗಿಲಿನಿಂದ ವಾಪಸ್ ಬಂತು.

ಬೆಲೆ ಬಿದ್ದದ್ದು ಯಾಕೆ ಎಂದು ಕೇಳಿದರೆ "ಮಾರುಕಟ್ಟೆ" ಎನ್ನುತ್ತಾರೆ. ಸ್ವಲ್ಪ ಕೆದಕಿ ನೋಡಿದರೆ ವಿಯೆಟ್ನಾಂ ಸಿಗುತ್ತದೆ. ಅಲ್ಲಿನ ಸರ್ಕಾರ 1986ರ ಸುಧಾರಣೆಯ ನಂತರ ಬಯಲಿನ ಜನರನ್ನು ಮಧ್ಯದ ಗುಡ್ಡಗಾಡಿಗೆ ಕರೆತಂದು ನೆಲೆ ಮಾಡಿಸಿತು. ಸರ್ಕಾರಿ ತೋಟಗಳು, ಸರ್ಕಾರಿ ಸಾಲ, ನೀರಾವರಿ, ಗೊಬ್ಬರ, ಎಲ್ಲದರ ಬೆಂಬಲದಿಂದ ರೊಬಸ್ಟಾ ಹಬ್ಬಿತು. ಹದಿನೈದು ವರ್ಷ ಕಳೆಯುವುದರೊಳಗೆ ಲೆಕ್ಕಕ್ಕೇ ಇಲ್ಲದ ದೇಶ ಬ್ರೆಜಿಲ್ ನಂತರದ ಎರಡನೇ ಸ್ಥಾನಕ್ಕೆ ಬಂತು. ಅಂದರೆ ಮುಕ್ತ ಮಾರುಕಟ್ಟೆ ಎಂದು ನಂಬಿ ಮೂಡಿಗೆರೆಯಲ್ಲಿ ತೋಟ ಬೆಳೆಸಿದವನನ್ನು ಮುಳುಗಿಸಿದ್ದು ಇನ್ನೊಂದು ದೇಶದ ಸರ್ಕಾರದ ಯೋಜನೆ. ಹಿಂದೆ ಬ್ರೆಜಿಲ್ ಕೂಡ ಇಂಥದ್ದೇ ಆಟ ಆಡಿತ್ತು. 1931ರಿಂದ 1944ರವರೆಗೆ ಬೆಲೆ ಎತ್ತಿ ಹಿಡಿಯಲು ಅಲ್ಲಿನ ಸರ್ಕಾರ ಸುಮಾರು 7.8 ಕೋಟಿ ಚೀಲ ಕಾಫಿಯನ್ನು ಸುಟ್ಟು, ಸಮುದ್ರಕ್ಕೆ ಸುರಿದು ನಾಶ ಮಾಡಿತು.

ಈಗಲೂ ಅಷ್ಟೇ. 2025ರ ಆಗಸ್ಟ್‌ನಲ್ಲಿ ಅಮೆರಿಕ ಬ್ರೆಜಿಲ್ ಸರಕಿನ ಮೇಲೆ ಶೇ 50 ಸುಂಕ ಹಾಕಿತು. ಅದೇ ತಿಂಗಳ ಕೊನೆಗೆ ಭಾರತದ ಮೇಲೂ ಶೇ 50. ನವೆಂಬರ್‌ನಲ್ಲಿ ಕಾಫಿಯನ್ನು ಅದರಿಂದ ಬಿಟ್ಟಿತು. ಅಷ್ಟರೊಳಗೆ ದರ ಒಂದು ಸಲ ಮೇಲೆ, ಒಂದು ಸಲ ಕೆಳಗೆ. ವಾಷಿಂಗ್ಟನ್‌ನ ಒಂದು ಸಹಿಗೆ ವಿರಾಜಪೇಟೆಯ ಗೋದಾಮಿನ ದರ ಹಂದಾಡುತ್ತದೆ. ನಮ್ಮ ಸರ್ಕಾರ ದೂರ ನಿಂತ ಮಾತ್ರಕ್ಕೆ ಎಲ್ಲ ಸರ್ಕಾರಗಳೂ ದೂರ ನಿಲ್ಲುವುದಿಲ್ಲ.

ಗೋದಾಮಿನ ಬಾಗಿಲಲ್ಲಿ

ಇನ್ನು ನಮ್ಮೂರ ಮಾರುಕಟ್ಟೆ ಎಷ್ಟು ಮುಕ್ತ ಎಂದು ಹತ್ತಿರದಿಂದ ನೋಡೋಣ.

ರೊಬಸ್ಟಾ ಚೆರಿ ಮಾರುವವರು ಚೀಲದ ಬೆಲೆಗಿಂತ ಮೊದಲು ಕೇಳುವುದು "ಓಟಿ ಎಷ್ಟು?" ಎಂದು. ಓಟಿ ಅಂದರೆ ಔಟ್‌ಟರ್ನ್. 50 ಕೆಜಿ ಒಣಗಿದ ಚೆರಿಯ ಸಿಪ್ಪೆ ತೆಗೆದರೆ ಎಷ್ಟು ಕೆಜಿ ಬೀಜ ಸಿಗುತ್ತದೋ ಅದು. ಸಾಮಾನ್ಯವಾಗಿ 26ರಿಂದ 28. ವ್ಯಾಪಾರಿ ಚೀಲದಿಂದ ಒಂದಿಷ್ಟು ಮಾದರಿ ತೆಗೆಯುತ್ತಾನೆ, ಸಣ್ಣ ಯಂತ್ರದಲ್ಲಿ ಸಿಪ್ಪೆ ಬಿಡಿಸುತ್ತಾನೆ, ತೂಗುತ್ತಾನೆ, ಮೀಟರಿನಲ್ಲಿ ತೇವಾಂಶ ನೋಡುತ್ತಾನೆ, ಕಪ್ಪು ಬೀಜ, ಹುಳು ಹಿಡಿದ ಬೀಜ ಕಳೆಯುತ್ತಾನೆ. ಆಮೇಲೆ ಒಂದು ಸಂಖ್ಯೆ ಹೇಳುತ್ತಾನೆ. ಓಟಿಗೆ 380 ರೂಪಾಯಿ ದರ ಇದ್ದು ನಿಮ್ಮದು 27 ಬಂದರೆ ಚೀಲಕ್ಕೆ 10,260 ರೂಪಾಯಿ. 26 ಎಂದರೆ 9,880. ನೂರು ಚೀಲ ತಂದವನಿಗೆ ಆ ಒಂದು ಸಂಖ್ಯೆಯ ವ್ಯತ್ಯಾಸ 38,000 ರೂಪಾಯಿ.

ಲಂಡನ್ನಿನ ರೊಬಸ್ಟಾ ದರ ಈಗ ಬೆಳೆಗಾರನ ಮೊಬೈಲಿನಲ್ಲೇ ಇದೆ. ಪೂಲಿನ ಕಾಲದಲ್ಲಿ ಇಲ್ಲದ ದೊಡ್ಡ ಬಲ ಅದು, ಒಪ್ಪಲೇಬೇಕು. ಆದರೆ ಓಟಿ ಲಂಡನ್ನಿನಲ್ಲಿ ತೀರ್ಮಾನ ಆಗುವುದಿಲ್ಲ. ಅದು ಆ ಮೀಟರಿನಲ್ಲಿ, ಆ ಮಾದರಿ ತೆಗೆದ ಕೈಯಲ್ಲಿ ಇದೆ. ಜೀಪ್ ಬಾಡಿಗೆ ಕೊಟ್ಟು ಸರಕು ತಂದವನು ಓಟಿ ಸರಿ ಬರಲಿಲ್ಲ ಎಂದು ವಾಪಸ್ ಹೊತ್ತುಕೊಂಡು ಹೋಗ್ತಾನಾ? ದೊಡ್ಡ ತೋಟದವನು ಹೋದಾನು. ಕ್ಯೂರಿಂಗ್ ಕಾರ್ಖಾನೆಯಲ್ಲಿ ತಿಂಗಳುಗಟ್ಟಲೆ ಇಟ್ಟು, ರಫ್ತುದಾರನ ಜೊತೆ ನೇರ ಮಾತಾಡಿ ಮಾರಿಯಾನು. ಮಗಳ ಕಾಲೇಜು ಫೀಸಿಗೆ ಮಾರುತ್ತಿರುವವನು ಅವತ್ತೇ ಕೊಡುತ್ತಾನೆ. ದೇಶದ ಕಾಫಿ ಬೆಳೆಗಾರರಲ್ಲಿ ಹೆಚ್ಚೂಕಡಿಮೆ ನೂರಕ್ಕೆ 98 ಮಂದಿ 10 ಹೆಕ್ಟೇರಿಗಿಂತ ಕಮ್ಮಿ ತೋಟ ಇರುವವರು ಎನ್ನುವುದನ್ನು ಇಲ್ಲಿ ಮರೆಯಬಾರದು.

ಈ ಜಾಗದಲ್ಲಿ ಸರ್ಕಾರದ ಕೆಲಸ ಇದೆ. ಬೆಲೆ ಕಟ್ಟುವ ಕೆಲಸ ಅಲ್ಲ. ಮೀಟರ್ ಸರಿಯಿದೆಯಾ, ಮಾದರಿ ಸರಿಯಾಗಿ ತೆಗೆದರಾ, ಬೆಳೆಗಾರನಿಗೆ ಅನುಮಾನ ಬಂದರೆ ಬೇರೆ ಕಡೆ ಪರೀಕ್ಷೆ ಮಾಡಿಸಲು ಪಕ್ಕದ ಪಟ್ಟಣದಲ್ಲೇ ಒಂದು ಜಾಗ ಇದೆಯಾ ಎಂದು ನೋಡುವ ಕೆಲಸ. ಬಹಳ ಚಿಲ್ಲರೆ ಅನಿಸುತ್ತದೆ. ಯಾವ ಮಂತ್ರಿಯೂ ಇದನ್ನು ಭಾಷಣದಲ್ಲಿ ಹೇಳುವುದಿಲ್ಲ. ಆದರೆ ಸಣ್ಣ ಬೆಳೆಗಾರನ ಜೇಬಿಗೆ ಇದರಿಂದ ಬರುವ ಹಣ ಎಷ್ಟೋ ಸಬ್ಸಿಡಿಗಳಿಗಿಂತ ಜಾಸ್ತಿ.

ಬೇಕಾದಾಗ ಸರ್ಕಾರ, ಬೇಡವಾದಾಗ ಮಾರುಕಟ್ಟೆ

ಬೆಳೆಗಾರರ ಕಡೆಗೂ ಸ್ವಲ್ಪ ತಿರುಗಬೇಕು. ಕಾಫಿ ಗಿಡದ ಪಕ್ಕದ ಮರಕ್ಕೆ ಕರಿಮೆಣಸಿನ ಬಳ್ಳಿ ಹಬ್ಬಿಸಿರುತ್ತಾರೆ. ವಿಯೆಟ್ನಾಂ ಮೆಣಸು ಶ್ರೀಲಂಕಾ ಮೂಲಕ ಅಗ್ಗಕ್ಕೆ ಒಳಗೆ ಬರತೊಡಗಿದಾಗ ಅದೇ ಬೆಳೆಗಾರರು ದೆಹಲಿಗೆ ಹೋದರು. 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕೆಜಿಗೆ 500 ರೂಪಾಯಿಗಿಂತ ಕಮ್ಮಿ ಬೆಲೆಯ ಮೆಣಸು ಆಮದಿಗೆ ತಡೆ ಹಾಕಿತು. ಒಂದೇ ತೋಟದಲ್ಲಿ ನೆಲದ ಮೇಲಿನ ಗಿಡಕ್ಕೆ ಮುಕ್ತ ಮಾರುಕಟ್ಟೆ, ಮರದ ಮೇಲಿನ ಬಳ್ಳಿಗೆ ಸರ್ಕಾರದ ಬೇಲಿ.

ಕಾಫಿಗೂ ಬೇಲಿ ಇಲ್ಲದಿಲ್ಲ. ಹೊರಗಿನ ಕಾಫಿ ಬೀಜಕ್ಕೆ ನಮ್ಮ ಮಾಮೂಲಿ ಆಮದು ಸುಂಕ ಶೇ 100. ಇನ್‌ಸ್ಟಂಟ್ ಕಾಫಿ ಮಾಡಿ ಮತ್ತೆ ರಫ್ತು ಮಾಡುವವರು ತಂದರೆ ಸುಂಕ ಇಲ್ಲ. ಭೂ ಸುಧಾರಣೆ ಬಂದಾಗ ಗದ್ದೆ, ಹೊಲಗಳಿಗೆ ಮಿತಿ ಹಾಕಿದ ಕಾನೂನು ಪ್ಲಾಂಟೇಶನ್‌ಗಳಿಗೆ ವಿನಾಯಿತಿ ಕೊಟ್ಟಿತು. ದೊಡ್ಡ ಎಸ್ಟೇಟುಗಳು ಉಳಿದದ್ದು ಅದರಿಂದ. ಇವತ್ತು ಸಾಲ ಬಾಕಿ ಇರುವ ತೋಟಗಳನ್ನು ಬ್ಯಾಂಕುಗಳು ಸರ್ಫೇಸಿ ಕಾಯ್ದೆಯಡಿ (ಕೋರ್ಟಿಗೆ ಹೋಗದೆಯೇ ಅಡವಿಟ್ಟ ಆಸ್ತಿ ಮಾರಲು ಬ್ಯಾಂಕಿಗೆ ಬಿಡುವ ಕಾನೂನು) ಹರಾಜಿಗೆ ಇಟ್ಟಾಗ ಬೆಳೆಗಾರರ ವಾದ ಬೇರೆ: ಆ ಕಾಯ್ದೆ ಕೃಷಿ ಭೂಮಿಗೆ ಅನ್ವಯಿಸುವುದಿಲ್ಲ, ಕಾಫಿಯೂ ಕೃಷಿಯೇ ಅಲ್ವಾ? ಭೂಮಿತಿ ಬಂದಾಗ ಪ್ಲಾಂಟೇಶನ್, ಬ್ಯಾಂಕ್ ಬಂದಾಗ ಕೃಷಿ. ಇದನ್ನು ಹಂಗಿಸಲು ಹೇಳುತ್ತಿಲ್ಲ. ತನಗೆ ಅನುಕೂಲವಾದ ಕಡೆ ಸರ್ಕಾರವನ್ನೂ ಇನ್ನೊಂದು ಕಡೆ ಮಾರುಕಟ್ಟೆಯನ್ನೂ ಕೇಳುವುದು ಎಲ್ಲ ಉದ್ಯಮಗಳೂ ಮಾಡುವ ಕೆಲಸ. ಕಾರ್ಖಾನೆಯವರು ಸಭೆಯಲ್ಲಿ ಮುಕ್ತ ಮಾರುಕಟ್ಟೆಯ ಮೇಲೆ ಭಾಷಣ ಮಾಡಿ, ಊಟ ಆದ ಮೇಲೆ ರಿಯಾಯಿತಿ ದರದ ಜಮೀನಿಗೆ ಅರ್ಜಿ ಹಾಕುತ್ತಾರೆ.

ಮಾರುಕಟ್ಟೆ ತಾನಾಗಿ ಮಾಡದ ಕೆಲಸಗಳೂ ಇವೆ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರಿಂದ ಇದೆ. ತುಕ್ಕು ರೋಗ ತಡೆಯುವ ತಳಿ, ಬಿಳಿ ಕಾಂಡ ಕೊರಕದ ವಿರುದ್ಧ ಉಪಾಯ, ಎಲ್ಲ ಅಲ್ಲಿಂದ ಬರಬೇಕು. ಮಲೆನಾಡಿನ ಅರೇಬಿಕಾ ತೋಟಗಳಲ್ಲಿ ಎಲ್ಲೆಲ್ಲೂ ಕಾಣುವ ಎಸ್.795 ತಳಿ ಅಲ್ಲಿನದೇ. 2007ರಲ್ಲಿ ಬಂದ ಚಂದ್ರಗಿರಿಯೂ ಅಲ್ಲಿನದೇ. ಒಂದು ತಳಿ ಪಳಗಿಸಲು ಇಪ್ಪತ್ತು ಮೂವತ್ತು ವರ್ಷ ಬೇಕು. ಬೀಜ ಹೊರಗೆ ಬಂದ ಮೇಲೆ ಪಕ್ಕದ ತೋಟದವನೂ ನಾಟಿ ಮಾಡುತ್ತಾನೆ. ಹಾಗಿರುವಾಗ ಯಾವ ಖಾಸಗಿ ಕಂಪನಿ ಆ ಹಣ ಹಾಕುತ್ತದೆ? ಕಾಡು ಕಡಿದು ಬೆಳೆದ ಕಾಫಿ ಬೇಡ ಎನ್ನುವ ಯುರೋಪಿನ ಹೊಸ ಕಾನೂನಿಗೂ ಇದೇ ಮಾತು. 2020ರ ಕೊನೆಯ ನಂತರ ಕಾಡು ಕಡಿದಿಲ್ಲ ಎಂದು ತೋಟದ ಜಾಗ ಸಮೇತ ತೋರಿಸಬೇಕು. ಜಾರಿ ಎರಡು ಸಲ ಮುಂದೆ ಹೋಗಿದೆ, ಆದರೆ ಬರುವುದು ಬರುತ್ತದೆ. ನಮ್ಮ ರಫ್ತಿನ ದೊಡ್ಡ ಪಾಲು ಹೋಗುವುದು ಇಟಲಿ, ಜರ್ಮನಿಯಂಥ ದೇಶಗಳಿಗೆ. ಮೂರು ಎಕರೆಯವನು ಒಬ್ಬನೇ ಕೂತು ಆ ಕಾಗದಪತ್ರ ಮಾಡಿಕೊಳ್ಳಲಾರ.

ಸಾವಿರ ರೂಪಾಯಿಯ ನಿಧಿ

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಅಭಿಪ್ರಾಯ ಸ್ಪಷ್ಟ ಮಾಡಿಬಿಡುತ್ತೇನೆ. ಪೂಲ್ ತೆಗೆದದ್ದು ಸರಿ. ಬೆಳೆದವನ ಬೆಳೆ ಕಸಿದು ಪಾಯಿಂಟ್ ಲೆಕ್ಕದಲ್ಲಿ ಹಣ ಕೊಡುವ ವ್ಯವಸ್ಥೆ ವಾಪಸ್ ಬರಬಾರದು. ತಪ್ಪಾದದ್ದು ತೆಗೆದ ರೀತಿಯಲ್ಲಿ. ಪೂಲ್ ಎರಡು ಕೆಲಸ ಮಾಡುತ್ತಿತ್ತು. ಒಂದು, ಬೆಲೆ ಕಟ್ಟುವುದು. ಅದನ್ನು ಕೆಟ್ಟದಾಗಿ ಮಾಡುತ್ತಿತ್ತು. ಎರಡು, ಕಂತುಗಳ ಮೂಲಕ ಏರಿಳಿತವನ್ನು ಸ್ವಲ್ಪ ಹದ ಮಾಡುವುದು. ಅದನ್ನು ಒಂದು ಮಟ್ಟಿಗೆ ಮಾಡುತ್ತಿತ್ತು. 1996ರಲ್ಲಿ ಎರಡನ್ನೂ ಒಟ್ಟಿಗೆ ಎತ್ತಿ ಹೊರಗೆ ಹಾಕಿದರು.

ಆಮೇಲೆ ತಡವಾಗಿ ಒಂದು ಪ್ರಯತ್ನ ಆಯಿತು. ಹೆಚ್ಚು ಜನಕ್ಕೆ ಅದರ ನೆನಪೇ ಇಲ್ಲ. 2003ರಲ್ಲಿ ಕೇಂದ್ರ ಸರ್ಕಾರ ಕಾಫಿ, ಟೀ, ರಬ್ಬರ್, ತಂಬಾಕು ನಾಲ್ಕಕ್ಕೂ ಸೇರಿ ಸುಮಾರು 500 ಕೋಟಿ ರೂಪಾಯಿಯ ಬೆಲೆ ಸ್ಥಿರತೆ ನಿಧಿ ಮಾಡಿತು. ಯೋಚನೆ ಚೆನ್ನಾಗಿಯೇ ಇತ್ತು. ಏಳು ವರ್ಷದ ಸರಾಸರಿ ಬೆಲೆ ತೆಗೆಯುವುದು. ಈ ವರ್ಷದ ಬೆಲೆ ಅದಕ್ಕಿಂತ ಶೇ 20 ಮೇಲಿದ್ದರೆ ಸುಗ್ಗಿ ವರ್ಷ, ಬೆಳೆಗಾರ ತನ್ನ ಖಾತೆಗೆ ಹಣ ಕಟ್ಟಬೇಕು. ಶೇ 20 ಕೆಳಗೆ ಬಿದ್ದರೆ ಕಷ್ಟದ ವರ್ಷ, ಸರ್ಕಾರ ಕಟ್ಟಬೇಕು. ಮಧ್ಯದಲ್ಲಿದ್ದರೆ ಇಬ್ಬರೂ ಅರ್ಧರ್ಧ. ಸರ್ಕಾರ ಮಾರುಕಟ್ಟೆಗೆ ಕೈ ಹಾಕುವುದಿಲ್ಲ, ಬೆಲೆ ತನ್ನ ಪಾಡಿಗೆ ಇರುತ್ತದೆ, ಬಿದ್ದಾಗ ಕೆಳಗೆ ಒಂದು ಬಲೆ ಇರುತ್ತದೆ.

ಎಷ್ಟು ಹಣ ಕಟ್ಟಬೇಕಿತ್ತು? ವರ್ಷಕ್ಕೆ ಸಾವಿರ ರೂಪಾಯಿ!

ಕಾಫಿ ಬೆಲೆ ನೆಲ ಕಚ್ಚಿದ ವರ್ಷ ಸರ್ಕಾರ ಒಬ್ಬ ಬೆಳೆಗಾರನಿಗೆ ಕೊಡುವುದು ಸಾವಿರ ರೂಪಾಯಿ. ಆ ಹಣಕ್ಕೆ ಬ್ಯಾಂಕಿಗೆ ಅಲೆದು, ಅರ್ಜಿ ತುಂಬಿ, ಸೇರ್ಪಡೆ ಶುಲ್ಕ 500 ಬೇರೆ ಕೊಟ್ಟು ಯಾರು ಬರುತ್ತಾರೆ? ಬಹಳ ಜನ ಬರಲಿಲ್ಲ. ಹತ್ತು ವರ್ಷಕ್ಕೆ ಯೋಜನೆ ಮುಚ್ಚಿತು. ರೈತರಿಗೆ ಇಂಥದ್ದರಲ್ಲಿ ಆಸಕ್ತಿ ಇಲ್ಲ ಎಂಬ ತೀರ್ಮಾನಕ್ಕೆ ಕಡತದಲ್ಲಿ ಜಾಗ ಸಿಕ್ಕಿರಬೇಕು. ಸುಮ್ನೆ ಹೆಸರಿಗೆ ಮಾಡಿದ ಯೋಜನೆ ಸೋತರೆ ಯೋಜನೆಯ ಹಿಂದಿನ ಯೋಚನೆಯೇ ಸೋತಿತು ಎನ್ನುವುದು ನಮ್ಮಲ್ಲಿ ಹಳೆಯ ಚಾಳಿ.

ಕೊಲಂಬಿಯಾ ಬೇರೆ ದಾರಿ ಹಿಡಿಯಿತು. ಅಲ್ಲಿ ಬೆಳೆಗಾರರದೇ ಒಕ್ಕೂಟ 1927ರಿಂದ ಇದೆ. ರಫ್ತಾಗುವ ಕಾಫಿಯ ಮೇಲೆ ಪೌಂಡಿಗೆ ಇಷ್ಟು ಸೆಂಟ್ ಎಂದು ಕಾನೂನಿನ ಪ್ರಕಾರ ಕೂಡಿಸಿ 1940ರಿಂದ ಒಂದು ರಾಷ್ಟ್ರೀಯ ನಿಧಿ ನಡೆಸುತ್ತಾರೆ. ಆ ಹಣದಿಂದ ಸಂಶೋಧನೆ ನಡೆಯುತ್ತದೆ, ಖರೀದಿ ಕೇಂದ್ರಗಳು ನಡೆಯುತ್ತವೆ. ಒಕ್ಕೂಟ ಪ್ರತಿದಿನ ನ್ಯೂಯಾರ್ಕ್ ದರ ನೋಡಿ ಇವತ್ತಿನ ಬೆಲೆ ಇಷ್ಟು ಎಂದು ಪ್ರಕಟಿಸುತ್ತದೆ. ಆ ಬೆಲೆಗೆ ಯಾರು ತಂದರೂ, ಎಷ್ಟು ತಂದರೂ ಕೊಳ್ಳುತ್ತದೆ. ಖಾಸಗಿಯವರು ಜಾಸ್ತಿ ಕೊಟ್ಟರೆ ಅವರಿಗೇ ಮಾರಿ, ಬೇಡ ಎನ್ನುವುದಿಲ್ಲ. ಪೂಲ್ ಹಾಗೆ ಬಲವಂತ ಇಲ್ಲ, ನಮ್ಮ ಈಗಿನ ಗೋದಾಮಿನ ಹಾಗೆ ಒಂಟಿಯೂ ಅಲ್ಲ. ವ್ಯಾಪಾರಿ ತೀರಾ ಕಮ್ಮಿ ಕೇಳಿದರೆ ಪಕ್ಕದಲ್ಲಿ ಇನ್ನೊಂದು ಬಾಗಿಲು ಇದೆ ಎಂಬುದು ಅವನಿಗೂ ಗೊತ್ತಿರುತ್ತದೆ. ಅಲ್ಲಿ ಎಲ್ಲ ಸುಖವಾಗಿಲ್ಲ. 2021ರಲ್ಲಿ ದರ ಏಕಾಏಕಿ ಏರಿದಾಗ ಮುಂಗಡ ಒಪ್ಪಂದ ಮಾಡಿಕೊಂಡಿದ್ದ ಎಷ್ಟೋ ಬೆಳೆಗಾರರು ಕಾಫಿ ಕೊಡದೆ ಸಹಕಾರ ಸಂಘಗಳನ್ನು ಸಂಕಷ್ಟಕ್ಕೆ ತಳ್ಳಿದರು. ಬೆಲೆ ಬಿದ್ದಾಗ ಮಾತ್ರ ಸಂಘ ಬೇಕು ಎನ್ನುವ ಬುದ್ಧಿ ಮಲೆನಾಡಿನದು ಮಾತ್ರ ಅಲ್ಲ.

ನಮ್ಮಲ್ಲಿ ಸಹಕಾರದ ಬೀಜ ಇಲ್ಲವೆಂದಲ್ಲ. ಕಾಫಿ ಮಂಡಳಿ ತಾನು ನಡೆಸುತ್ತಿದ್ದ ಕಾಫಿ ಹೌಸ್‌ಗಳನ್ನು ಮುಚ್ಚಿದಾಗ ಕೆಲಸ ಕಳೆದುಕೊಂಡ ಕಾರ್ಮಿಕರೇ ಸೇರಿ 1957ರಲ್ಲಿ ಬೆಂಗಳೂರಿನಲ್ಲಿ ಮೊದಲ ಸಂಘ ಕಟ್ಟಿದರು. ಅದರ ಇಂಡಿಯನ್ ಕಾಫಿ ಹೌಸ್ ಈಗ ಚರ್ಚ್ ಸ್ಟ್ರೀಟ್‌ನಲ್ಲಿದೆ. ಕಾಫಿ ಸುರಿದು ಕೊಡುವವರಿಗೆ ಸಾಧ್ಯವಾದದ್ದು ಬೆಳೆಯುವವರಿಗೆ ದೊಡ್ಡ ಮಟ್ಟದಲ್ಲಿ ಸಾಧ್ಯವಾಗಲಿಲ್ಲ. ದೊಡ್ಡ ತೋಟದವರಿಗೆ ಅದರ ಅಗತ್ಯ ಇರಲಿಲ್ಲ, ಸಣ್ಣವರಿಗೆ ಪೂಲಿನ ಕಾಲದಲ್ಲಿ ಅದನ್ನು ಕಲಿಯುವ ಅವಕಾಶವೇ ಸಿಗಲಿಲ್ಲ. ಐವತ್ತು ವರ್ಷ ಎಲ್ಲವನ್ನೂ ಮಂಡಳಿಯೇ ಮಾಡಿದ್ದರ ಬೆಲೆ ಇದು.

ಈಗ ಒಂದು ಲೆಕ್ಕ ಮಾಡೋಣ. ದೇಶದ ಕಾಫಿ ಬೆಳೆ ವರ್ಷಕ್ಕೆ ಹೆಚ್ಚುಕಡಿಮೆ 3.5 ಲಕ್ಷ ಟನ್. ಅದರಲ್ಲಿ ಶೇ 70ರಷ್ಟು ಕರ್ನಾಟಕದ್ದು. ಬೆಲೆ ಚೆನ್ನಾಗಿರುವ ವರ್ಷ ಕೆಜಿಗೆ 10 ರೂಪಾಯಿ ತೆಗೆದಿಟ್ಟರೆ ಒಂದೇ ವರ್ಷಕ್ಕೆ 350 ಕೋಟಿ ರೂಪಾಯಿ. ನಾಲ್ಕು ಬೆಳೆಗೆ ಸೇರಿ ಕೇಂದ್ರ ಇಟ್ಟಿದ್ದ ಆ ನಿಧಿಯ ಮುಕ್ಕಾಲು ಭಾಗಕ್ಕೆ ಹತ್ತಿರ. ಕೆಜಿಗೆ 380 ರೂಪಾಯಿ ಸಿಗುವಾಗ 10 ರೂಪಾಯಿ ನೋವಾಗುವುದಿಲ್ಲ. 27 ಓಟಿಯ ನೂರು ಚೀಲ ಮಾರುವವನು 27,000 ರೂಪಾಯಿ ಹಾಕಿದ ಹಾಗಾಗುತ್ತದೆ. ಅದು ಅವನ ಹೆಸರಿನ ಖಾತೆಯಲ್ಲೇ ಇರಬೇಕು, ಬಡ್ಡಿ ಸಮೇತ. ಸರ್ಕಾರ ಅದರ ಮೇಲೆ ತನ್ನ ಪಾಲು ಹಾಕಲಿ, ಸಣ್ಣವರಿಗೆ ಜಾಸ್ತಿ, ದೊಡ್ಡವರಿಗೆ ಕಮ್ಮಿ. ಯಾವಾಗ ಹಣ ಬಿಡುಗಡೆ ಎಂಬುದನ್ನು ಲಂಡನ್, ನ್ಯೂಯಾರ್ಕ್ ದರದ ಸರಾಸರಿಯೇ ತೀರ್ಮಾನಿಸಲಿ, ಮಂತ್ರಿಯ ಸಹಿಗೆ ಕಾಯುವಂತಿರಬಾರದು.

ಇದಕ್ಕೆ ಬರುವ ದೊಡ್ಡ ಆಕ್ಷೇಪ ನನಗೆ ಗೊತ್ತು. "ಮತ್ತೆ ನಮ್ಮ ಹಣ ಮಂಡಳಿ ಕೈಗಾ?" ಪೂಲಿನ ಕಂತಿಗೆ ಕಾದು ಸುಸ್ತಾದವರ ಮನೆಯಲ್ಲಿ ಈ ಪ್ರಶ್ನೆ ಬರಲೇಬೇಕು. ಹಾಗಾಗಿ ಹಣ ಬೆಳೆಗಾರರ ಸಂಘಗಳ ಕೈಲಿರುವ ಟ್ರಸ್ಟಿನಲ್ಲಿ ಇದ್ದು ಮಂಡಳಿ ಲೆಕ್ಕ ನೋಡುವಷ್ಟಕ್ಕೆ ನಿಂತರೆ ಸಾಕು.

1942ರ ಕಾಯ್ದೆಯ ಜಾಗಕ್ಕೆ ಹೊಸ ಕಾನೂನು ತರಲು ಕೇಂದ್ರ 2022ರಲ್ಲಿ ಕರಡು ಮಾಡಿತು. ಹಳೆ ಕಾಯ್ದೆಯ ದೊಡ್ಡ ಭಾಗ, ಅಂದರೆ ಪೂಲ್ ಮತ್ತು ಮಾರಾಟಕ್ಕೆ ಸಂಬಂಧಿಸಿದ ಕಲಮುಗಳು, ಹೇಗೂ ಸತ್ತು ಬಿದ್ದಿವೆ ಎನ್ನುವುದು ಅದಕ್ಕೆ ಕೊಟ್ಟ ಕಾರಣ. ಸತ್ತ ಕಲಮು ತೆಗೆಯಲಿ, ಯಾರ ತಕರಾರೂ ಇಲ್ಲ. ಆ ಜಾಗದಲ್ಲಿ ಏನು ಬರೆಯುತ್ತಾರೆ ಎನ್ನುವುದರ ಬಗ್ಗೆ ಮಾತಾಡಲು ಬೆಳೆಗಾರರಿಗೆ ಇದು ಒಳ್ಳೆ ಸಮಯ, ಏಕೆಂದರೆ ಬೆಲೆ ಬಿದ್ದ ಮೇಲೆ ಕೆಜಿಗೆ 10 ರೂಪಾಯಿ ಕೊಡಿ ಎಂದು ಯಾರನ್ನೂ ಕೇಳಲಾಗುವುದಿಲ್ಲ. 2025ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ದರ ಪೌಂಡಿಗೆ 400 ಸೆಂಟ್ ದಾಟಿದ್ದನ್ನು ಎಲ್ಲರೂ ನೆನಪಿಟ್ಟಿದ್ದಾರೆ. ಆಮೇಲೆ ಜುಲೈ ಹೊತ್ತಿಗೆ ಲಂಡನ್ನಿನ ರೊಬಸ್ಟಾ ದರ ಅದೇ ಫೆಬ್ರವರಿಯ ಮಟ್ಟದಿಂದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಇಳಿದಿತ್ತು.